ಹೊಸ ಎಲೆಕ್ಟ್ರಿಕ್ ಬೈಕ್: ಮಲೆನಾಡಿನ ಮನೆಯಲ್ಲಿ ಚಾರ್ಜಿಂಗ್, ಬ್ಯಾಟರಿ ಆರೈಕೆ

ಎಲೆಕ್ಟ್ರಿಕ್ ಬೈಕಿನ ಬ್ಯಾಟರಿ ಬಗ್ಗೆ ಸಿಗುವ ಸಲಹೆಗಳು ಹೆಚ್ಚಾಗಿ ಬಿಸಿಲೂರಿನವರಿಗೆ ಬರೆದವು. ನೆರಳಲ್ಲಿ ನಿಲ್ಲಿಸಿ, ಮಧ್ಯಾಹ್ನ ಚಾರ್ಜಿಗೆ ಹಾಕಬೇಡಿ ಎಂದು ಹೇಳಿ ಮುಗಿಸುತ್ತವೆ. ಚಿಕ್ಕಮಗಳೂರು ಪೇಟೆ ಇರುವುದೇ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿ. ವರ್ಷದ ಬಹುಪಾಲು ಇಲ್ಲಿನ ಹವೆ ಲಿಥಿಯಂ ಬ್ಯಾಟರಿಗೆ ಹೇಳಿ ಮಾಡಿಸಿದಂತಿರುತ್ತದೆ. ಹತ್ತು ಡಿಗ್ರಿ ಬಿಸಿ ಏರಿದರೆ ಬ್ಯಾಟರಿ ಸವೆಯುವ ವೇಗ ಹೆಚ್ಚುಕಮ್ಮಿ ಇಮ್ಮಡಿಯಾಗುತ್ತದೆ ಎಂಬುದು ಸ್ಥೂಲ ಲೆಕ್ಕ. ಆ ಲೆಕ್ಕದಲ್ಲಿ ಕಡೂರು, ಅರಸೀಕೆರೆ ಕಡೆಯವರಿಗಿಂತ ಗುಡ್ಡದ ಕಡೆಯವರು ಪುಣ್ಯವಂತರು. ಇಲ್ಲಿ ಬೈಕಿಗೂ ಚಾರ್ಜರಿಗೂ ಕಂಟಕ ಬೇರೆ ದಿಕ್ಕಿನಿಂದ ಬರುತ್ತದೆ: ಹಳೆ ವೈರಿಂಗ್, ಅರ್ತ್ ಇಲ್ಲದ ಪ್ಲಗ್ ಪಾಯಿಂಟ್, ಹೂಮಳೆಯ ಜೊತೆ ಶುರುವಾಗುವ ಸಿಡಿಲು, ಮರ ಬಿದ್ದು ಹರಿಯುವ ಲೈನು, ತಿಂಗಳುಗಟ್ಟಲೆ ಜಡಿಮಳೆ, ಘಾಟಿಯ ಏರು. ಅದಕ್ಕೇ ಶೋರೂಮಿನಲ್ಲಿ ಮುಂಗಡ ಕಟ್ಟಿದ ದಿನವೇ ಮನೆಗೆ ಎಲೆಕ್ಟ್ರಿಷಿಯನ್ ಕರೆಸಿ.

ಮೊದಲು ಪ್ಲಗ್ ಪಾಯಿಂಟ್

ಹೆಚ್ಚಿನ ಬೈಕುಗಳ ಜೊತೆ ಬರುವ ಚಾರ್ಜರ್ 750ರಿಂದ 1,000 ವಾಟ್‌ನದು. 230 ವೋಲ್ಟಿನಲ್ಲಿ ಅದು ಎಳೆಯುವುದು 4ರಿಂದ 5 ಆಂಪಿಯರ್. ಲೆಕ್ಕಕ್ಕೆ ನೋಡಿದರೆ 6 ಆಂಪಿಯರಿನ ಸಣ್ಣ ಸಾಕೆಟ್ಟೂ ತಡೆಯಬೇಕು. ಆದರೂ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಹಾಕಿಸಿ. ಮಿಕ್ಸಿ ಐದು ನಿಮಿಷ ಓಡಿ ನಿಲ್ಲುತ್ತದೆ, ಇಸ್ತ್ರಿಪೆಟ್ಟಿಗೆ ಕಾದು ಆರುತ್ತಿರುತ್ತದೆ. ಚಾರ್ಜರ್ ಐದಾರು ಗಂಟೆ ಒಂದೇ ಸಮ ಎಳೆಯುತ್ತದೆ. ಸಾಕೆಟ್ಟಿನೊಳಗಿನ ಹಿತ್ತಾಳೆ ಪಟ್ಟಿ ಸಡಿಲವಾಗಿ ಅಲ್ಲಿ 0.2 ಓಮ್ ತಡೆ ಹುಟ್ಟಿಕೊಂಡಿದೆ ಎನ್ನಿ. 4 ಆಂಪಿಯರ್ ಹರಿದರೆ ಆ ಜಾಗದಲ್ಲಿ 3 ವಾಟ್ ಶಾಖ, ಮುಟ್ಟಿದರೆ ಬೆಚ್ಚಗೆ ಅಷ್ಟೆ. ಅದೇ ಸಾಕೆಟ್ಟಿಗೆ 3 ಕಿಲೋವಾಟ್‌ನ ವೇಗದ ಚಾರ್ಜರ್ ಹಾಕಿ 14 ಆಂಪಿಯರ್ ಎಳೆದರೆ ಸುಮಾರು 39 ವಾಟ್. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ 25 ವಾಟ್‌ನದು ಎಂಬುದನ್ನು ನೆನಪಿಟ್ಟುಕೊಂಡರೆ, ಪ್ಲಾಸ್ಟಿಕ್ ಸಾಕೆಟ್ ಕಪ್ಪಾಗಿ ಕರಗುವುದು ಏಕೆಂದು ಬಿಡಿಸಿ ಹೇಳಬೇಕಿಲ್ಲ.

ಮೀಟರ್ ಬೋರ್ಡಿನಿಂದ ಚಾರ್ಜಿಂಗ್ ಜಾಗಕ್ಕೆ ಬೇರೆಯದೇ ಲೈನ್ ಎಳೆಸಿ. ಬೇಕಾಗುವುದು ಇಷ್ಟು: ಮೂರೂ ತಂತಿ 2.5 ಸ್ಕ್ವೇರ್ ಎಂಎಂ ತಾಮ್ರದ್ದು. ದೂರ 25-30 ಮೀಟರ್ ದಾಟಿದರೆ, ಉದಾಹರಣೆಗೆ ತೋಟದ ಮನೆಯಿಂದ ಆಚೆ ಶೆಡ್ಡಿಗೆ, 4 ಸ್ಕ್ವೇರ್ ಎಂಎಂ. ಆ ಲೈನಿಗೇ 16 ಆಂಪಿಯರಿನ ಸಿ-ಕರ್ವ್ ಎಂಸಿಬಿ (ಕರೆಂಟ್ ಮಿತಿಮೀರಿ ಹರಿದರೆ ತಾನೇ ಬೀಳುವ ಸ್ವಿಚ್) ಒಂದು, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಒಂದು. ಆರ್‌ಸಿಸಿಬಿಯಲ್ಲಿ 'ಎ' ಟೈಪ್ ಸಿಕ್ಕರೆ ಅದನ್ನೇ ತನ್ನಿ, ಬೈಕಿನ ಚಾರ್ಜರಿನಂಥ ಉಪಕರಣಕ್ಕೆ ಅದು ಮಾಮೂಲಿ 'ಎಸಿ' ಟೈಪಿಗಿಂತ ಸರಿಯಾಗಿ ಕೆಲಸ ಮಾಡುತ್ತದೆ. ಜಗಲಿಯಲ್ಲೋ ಕೊಟ್ಟಿಗೆ ಪಕ್ಕದಲ್ಲೋ ಪಾಯಿಂಟ್ ಬರುವುದಾದರೆ ಇರಚಲು ತಾಗದ, ಮುಚ್ಚಳವಿರುವ ಇಂಡಸ್ಟ್ರಿಯಲ್ ಸಾಕೆಟ್ ಇರಲಿ, ನೆಲದಿಂದ ನಾಲ್ಕಡಿ ಮೇಲೆ. ದುಬಾರಿ ಅನ್ನಿಸಿದರೆ ಮೊಬೈಲ್ ಹೋಲ್ಡರ್, ಕ್ರ್ಯಾಶ್ ಗಾರ್ಡ್ ಬಿಡಿ, ಇದನ್ನು ಬಿಡಬೇಡಿ.

ಹಳೆ ಹಂಚಿನ ಮನೆಗಳಲ್ಲಿ ಮರದ ರೀಪಿನ ಮೇಲೆ ಓಡಿಸಿದ ತೆಳು ತಂತಿ ಇನ್ನೂ ಇದೆ, ಅದರಲ್ಲಿ ಅರ್ತ್ ತಂತಿಯೇ ಇರುವುದಿಲ್ಲ. ಅಂಥ ಕಡೆ ಮೂರು ಪಿನ್ನಿನ ಸಾಕೆಟ್ ಕಂಡರೂ ಮೇಲಿನ ತೂತು ಬರೀ ಅಲಂಕಾರ. ಮಲ್ಟಿಮೀಟರ್ ಇದ್ದ ಎಲೆಕ್ಟ್ರಿಷಿಯನ್‌ಗೆ ಹತ್ತು ನಿಮಿಷದ ಪರೀಕ್ಷೆ ಇದು:

1. ಎದುರಿಂದ ನೋಡಿದಾಗ ಬಲದ ತೂತು ಲೈನ್, ಎಡದ್ದು ನ್ಯೂಟ್ರಲ್, ಮೇಲಿನ ದಪ್ಪ ತೂತು ಅರ್ತ್. ಲೈನ್ ಮತ್ತು ನ್ಯೂಟ್ರಲ್ ನಡುವೆ 216ರಿಂದ 244 ವೋಲ್ಟ್ ಒಳಗೆ ಬರಬೇಕು.
2. ಲೈನ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಮ್ಮಿ ಅಷ್ಟೇ ತೋರಬೇಕು. ಸೊನ್ನೆ ಅಥವಾ ಅರ್ಧಂಬರ್ಧ ವೋಲ್ಟ್ ತೋರಿದರೆ ಅರ್ತ್ ಇಲ್ಲ.
3. ನ್ಯೂಟ್ರಲ್ ಮತ್ತು ಅರ್ತ್ ನಡುವೆ 3 ವೋಲ್ಟಿಗಿಂತ ಕಡಿಮೆ ಇರಲಿ. ಇದನ್ನು ಗೀಸರ್ ಅಥವಾ ಇಸ್ತ್ರಿಪೆಟ್ಟಿಗೆ ಓಡುತ್ತಿರುವಾಗ ಅಳೆಯಬೇಕು, ಖಾಲಿ ಲೈನಿನಲ್ಲಲ್ಲ.
4. ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ಬೀಳುತ್ತದೋ ನೋಡಿ. ಆಮೇಲೆ ಮೂರು ತಿಂಗಳಿಗೊಮ್ಮೆ ನೀವೇ ಒತ್ತಿ ನೋಡಿ.

ಮೂರನೆಯ ಅಳತೆಯಲ್ಲಿ, ಅಷ್ಟು ಲೋಡ್ ಇದ್ದಾಗಲೂ ಸರಿಯಾಗಿ ಸೊನ್ನೆಯೇ ಬಂತೆಂದರೆ ಖುಷಿಪಡಬೇಡಿ, ಸಾಕೆಟ್ ಬಿಚ್ಚಿಸಿ. 'ಅರ್ತ್ ಕೊಟ್ಟಿದೀನಿ' ಎಂದು ಹೇಳಿ ನ್ಯೂಟ್ರಲ್ ತಂತಿಯನ್ನೇ ಅರ್ತ್ ಪಿನ್ನಿಗೆ ಲೂಪ್ ಮಾಡಿ ಹೋಗುವ ಅಭ್ಯಾಸ ಕೆಲವರಿಗಿದೆ. ಚಾರ್ಜರ್ ಆಗ ತಕರಾರಿಲ್ಲದೆ ಓಡುತ್ತದೆ. ಯಾವತ್ತೋ ನ್ಯೂಟ್ರಲ್ ಹರಿದ ದಿನ ಬೈಕಿನ ಮೈಯೆಲ್ಲ ಕರೆಂಟ್ ಆಗುತ್ತದೆ. ಅರ್ತ್ ಗುಂಡಿ ಬೇರೆಯೇ ಇರಬೇಕು: ಎರಡೂವರೆಯಿಂದ ಮೂರು ಮೀಟರ್ ಆಳಕ್ಕೆ ಜಿಐ ಪೈಪ್ ಅಥವಾ ತಾಮ್ರ ಲೇಪಿತ ರಾಡ್, ಅರ್ತ್ ಟೆಸ್ಟರಿನಲ್ಲಿ 5 ಓಮ್ ಒಳಗೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ತ್ ಮಾರ್ಚ್ ಹೊತ್ತಿಗೆ ಜಂಬಿಟ್ಟಿಗೆ ಮಣ್ಣು ಒಣಗಿ ದುರ್ಬಲವಾಗುತ್ತದೆ, ಆಗ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಿ.

ದೊಡ್ಡ ಪ್ಲಗ್ಗನ್ನು ಸಣ್ಣ ಸಾಕೆಟ್ಟಿಗೆ ಕೂರಿಸುವ ಕನ್ವರ್ಟರ್, ಟಿವಿ ಹಿಂದಿನ ಎಕ್ಸ್‌ಟೆನ್ಷನ್ ಬಾಕ್ಸ್ ಎರಡೂ ಬೇಡ. ಮನೆಯ ಇನ್ವರ್ಟರಿನಿಂದ ಚಾರ್ಜ್ ಮಾಡುವ ಯೋಚನೆಯನ್ನೂ ಬಿಡಿ. 12 ವೋಲ್ಟ್, 150 ಆಂಪಿಯರ್-ಅವರಿನ ಬ್ಯಾಟರಿಯಲ್ಲಿ ಕಾಗದದ ಮೇಲೆ ಇರುವುದೇ 1.8 ಯೂನಿಟ್, ಕೈಗೆ ಸಿಗುವುದು ಅದಕ್ಕೂ ಕಡಿಮೆ. ಅದನ್ನು ಹಿಂಡಿ ಬೈಕಿಗೆ ತುಂಬಿಸಿದರೆ ರಾತ್ರಿ ಮನೆಗೆ ದೀಪವಿಲ್ಲ, ಬೈಕೂ ಅರ್ಧ. ಜೊತೆಗೆ ಅಗ್ಗದ ಇನ್ವರ್ಟರ್ ಕೊಡುವ ಚೌಕ ಅಲೆಯ ಕರೆಂಟ್ ಚಾರ್ಜರಿಗೆ ಒಗ್ಗುವುದಿಲ್ಲ. ತೋಟದ ಜನರೇಟರಿನಲ್ಲಿ ಹಾಕಲೇಬೇಕಾದರೆ ವೋಲ್ಟೇಜ್ ನಿಯಂತ್ರಣವಿರುವ ಯಂತ್ರವೇ ಆಗಿರಲಿ. ಇಂಜಿನ್ ಹತ್ತು ನಿಮಿಷ ಓಡಿ ಸ್ಥಿರವಾದ ಮೇಲೆ ಚಾರ್ಜರ್ ಸ್ವಿಚ್ ಹಾಕಿ, ಇಂಜಿನ್ ನಿಲ್ಲಿಸುವ ಮೊದಲೇ ಆರಿಸಿ.

ಬೈಕ್ ಬಂದ ವಾರ

ತಲುಪಿಸುವ ದಿನ ಬ್ಯಾಟರಿಯ ಸೀರಿಯಲ್ ನಂಬರ್, ಚಾರ್ಜರಿನ ಸೀರಿಯಲ್ ನಂಬರ್ ಎರಡೂ ಬಿಲ್ಲಿನಲ್ಲೋ ವಾರಂಟಿ ಕಾರ್ಡಿನಲ್ಲೋ ಬರೆದಿವೆಯೇ ನೋಡಿ, ಫೋಟೊ ತೆಗೆದಿಡಿ. ವಾರಂಟಿ ಪುಟದಲ್ಲಿ ಮೂರು ಸಾಲು ಹುಡುಕಿ ಓದಿ: ಬ್ಯಾಟರಿ ಖಾಲಿ ಬಿಟ್ಟು ಇಡುವ ಬಗ್ಗೆ, ಪ್ರೆಷರ್ ನೀರಿನಲ್ಲಿ ತೊಳೆಯುವ ಬಗ್ಗೆ, ಬೇರೆ ಚಾರ್ಜರ್ ಬಳಸುವ ಬಗ್ಗೆ. ಮುಂದೆ ಜಗಳವಾದರೆ ಈ ಮೂರರ ಮೇಲೇ ಆಗುವುದು.

'ಮೊದಲ ಸಲ ಎಂಟು ಗಂಟೆ ಬಿಡದೆ ಚಾರ್ಜ್ ಮಾಡಿ' ಎಂಬ ಮಾತು ಹಳೆ ಕಾಲದ ಬ್ಯಾಟರಿಗಳದು. ಲಿಥಿಯಂಗೆ ಅದು ಬೇಕಿಲ್ಲ. ಮೊದಲ ಸಲ ಪೂರ್ತಿ 100ಕ್ಕೆ ಏರಿಸಿ, ಚಾರ್ಜರ್ ತಾನಾಗಿ ನಿಲ್ಲುವವರೆಗೆ ಬಿಡಿ. ಬ್ಯಾಟರಿಯೊಳಗಿನ ಬಿಎಂಎಸ್ ಎಂಬ ಪುಟ್ಟ ಕಂಪ್ಯೂಟರ್ ಎಲ್ಲ ಸೆಲ್‌ಗಳನ್ನೂ ಒಂದು ಮಟ್ಟಕ್ಕೆ ತರುವುದು ಆ ಕೊನೆಯ ಹಂತದಲ್ಲಿ. ಕಂಪನಿಯ ಕೈಪಿಡಿ ಬೇರೆ ಹೇಳಿದ್ದರೆ ಕೈಪಿಡಿಯದೇ ಕೊನೆಯ ಮಾತು.

ನಿಮ್ಮ ಬ್ಯಾಟರಿ ಯಾವ ಜಾತಿಯದು ಎಂಬುದನ್ನು ಇದೇ ವಾರ ತಿಳಿದುಕೊಳ್ಳಿ. ಎನ್‌ಎಂಸಿ ಎಂಬುದರಲ್ಲಿ ಒಂದೊಂದು ಸೆಲ್ 4.2 ವೋಲ್ಟಿಗೆ ತುಂಬುತ್ತದೆ, ತೂಕ ಕಡಿಮೆ, ಪೂರ್ತಿ ತುಂಬಿಸಿ ಇಟ್ಟರೆ ಬೇಗ ಸವೆಯುತ್ತದೆ. ಎಲ್‌ಎಫ್‌ಪಿ ಎಂಬುದರ ಸೆಲ್ 3.65ಕ್ಕೇ ತುಂಬುತ್ತದೆ, ಭಾರ ಹೆಚ್ಚು, ಬಾಳಿಕೆಯೂ ಹೆಚ್ಚು, ಬಿಸಿಗೆ ಜಗ್ಗುವುದು ಕಡಿಮೆ. ಬೆಂಗಳೂರಿನ ಒಬೆನ್ ರೋರ್ 4.4 ಯೂನಿಟ್‌ನ ಎಲ್‌ಎಫ್‌ಪಿ ಬ್ಯಾಟರಿಯೊಂದಿಗೆ ಬಂತು. ರಿವೋಲ್ಟ್ ಆರ್‌ವಿ400ರದು 3.24 ಯೂನಿಟ್, ಬಿಚ್ಚಿ ಒಳಗೆ ಒಯ್ಯಬಹುದಾದದ್ದು. ಅಲ್ಟ್ರಾವಯಲೆಟ್ ಎಫ್77 ಮಾದರಿಯಲ್ಲಿ 7.1 ಮತ್ತು 10.3 ಯೂನಿಟ್‌ನವು ಇವೆ. ಕರಪತ್ರದಲ್ಲಿ ಜಾತಿ ಬರೆದಿಲ್ಲವಾದರೆ ಸರ್ವೀಸ್ ಸೆಂಟರಿನಲ್ಲಿ ಕೇಳಿ ಕೈಪಿಡಿಯ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಎಷ್ಟರವರೆಗೆ ಚಾರ್ಜ್ ಮಾಡಬೇಕು ಎಂಬ ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು. ಎಐಎಸ್-156 ಎಂಬ ಬ್ಯಾಟರಿ ಸುರಕ್ಷತಾ ನಿಯಮದ ಬಿಗಿಯಾದ ತಿದ್ದುಪಡಿ 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತದಲ್ಲಿ ಜಾರಿಯಾಯಿತು. ಅದಕ್ಕೆ ಹಿಂದಿನ ಗಾಡಿಯಾದರೆ ಬ್ಯಾಟರಿಯನ್ನು ಆಮೇಲೆ ಬದಲಿಸಿದ್ದಾರೆಯೇ ಎಂದು ವಿಚಾರಿಸಿಯೇ ದುಡ್ಡು ಕೊಡಿ.

ಯೂನಿಟ್ ಲೆಕ್ಕ, ಗೃಹಜ್ಯೋತಿ ಲೆಕ್ಕ

ಇಬ್ಬರು ಕೂರುವ ಮಾಮೂಲಿ ಬೈಕ್ ಸಮತಟ್ಟು ದಾರಿಯಲ್ಲಿ ಕಿಲೋಮೀಟರಿಗೆ ಸುಮಾರು 30 ವಾಟ್-ಅವರ್ ತಿನ್ನುತ್ತದೆ. ಆಕ್ಸಿಲರೇಟರ್ ಜೋರಾಗಿ ತಿರುವಿ ಓಡಿಸಿದರೆ 40. ಚಿಕ್ಕಮಗಳೂರಿನಿಂದ ಬೇಲೂರಿಗೆ ಹೋಗಿ ಬಂದರೆ 50 ಕಿಲೋಮೀಟರ್ ಆಸುಪಾಸು, ಅಂದರೆ ಒಂದೂವರೆ ಯೂನಿಟ್. 4 ಯೂನಿಟ್‌ನ ಬ್ಯಾಟರಿಯಲ್ಲಿ ಇದು ಶೇ 38ರಷ್ಟು. ಬೆಳಿಗ್ಗೆ 80ರಲ್ಲಿ ಹೊರಟರೆ ಸಂಜೆ 40ರ ಹತ್ತಿರ ವಾಪಸ್. ಹಾಸನದಿಂದ ಸಕಲೇಶಪುರಕ್ಕೆ ಹೋಗಿ ಬರುವವರಿಗೆ 80 ಕಿಲೋಮೀಟರ್ ಆಗುತ್ತದೆ, ಶೇ 60 ಖರ್ಚು. ಅವರು 90ರವರೆಗಾದರೂ ತುಂಬಿಸಿಕೊಂಡು ಹೊರಡಬೇಕು.

4 ಯೂನಿಟ್‌ನ ಬ್ಯಾಟರಿಯನ್ನು 20ರಿಂದ 80ಕ್ಕೆ ಏರಿಸಲು 2.4 ಯೂನಿಟ್ ಬೇಕು. 750 ವಾಟ್ ಕೊಡುವ ಚಾರ್ಜರಿನಲ್ಲಿ ಮೂರೂ ಕಾಲು ಗಂಟೆ. ಚಾರ್ಜರ್ ಬಿಸಿಯಾಗುವುದರಲ್ಲಿ, ಬ್ಯಾಟರಿಯೊಳಗೆ ಶೇ 12ರಷ್ಟು ಸೋರಿಹೋಗುವುದರಿಂದ ಮೀಟರಿನಲ್ಲಿ 2.7 ಓಡುತ್ತದೆ. ಸೊನ್ನೆಯಿಂದ 100ಕ್ಕಾದರೆ ಆರು ಗಂಟೆ ಹಿಡಿಯುತ್ತದೆ, ಏಕೆಂದರೆ ಕೊನೆಯ ಭಾಗದಲ್ಲಿ ಕರೆಂಟನ್ನು ಬಿಎಂಎಸ್ ಬೇಕೆಂದೇ ಇಳಿಸುತ್ತದೆ. 95ರಲ್ಲಿ ಅರ್ಧ ಗಂಟೆ ನಿಂತರೆ ಚಾರ್ಜರ್ ಕೆಟ್ಟಿಲ್ಲ.

ತಿಂಗಳಿಗೆ 900 ಕಿಲೋಮೀಟರ್ ಓಡಿಸಿದರೆ ಮೀಟರಿನಲ್ಲಿ ಸುಮಾರು 31 ಯೂನಿಟ್ ಹೆಚ್ಚುತ್ತದೆ. ಚಿಕ್ಕಮಗಳೂರಿನವರಿಗೆ ಮೆಸ್ಕಾಂ ಬಿಲ್, ಹಾಸನದವರಿಗೆ ಸೆಸ್ಕ್ ಬಿಲ್. ಗೃಹಜ್ಯೋತಿ ನಿಯಮ ಎರಡಕ್ಕೂ ಒಂದೇ. ಉಚಿತ ಮಿತಿ ಎಂದರೆ ಎಲ್ಲರಿಗೂ 200 ಯೂನಿಟ್ ಅಲ್ಲ. 2022-23ರ ನಿಮ್ಮ ತಿಂಗಳ ಸರಾಸರಿ, ಅದರ ಮೇಲೆ ಶೇ 10. ತೀರಾ ಕಡಿಮೆ ಬಳಸುವ ಮನೆಗಳ ಲೆಕ್ಕ ಸ್ವಲ್ಪ ಬೇರೆ. ನಿಮ್ಮ ಮಿತಿ 95 ಇದ್ದು ಮನೆಗೆ 85 ಆಗುತ್ತಿದ್ದರೆ, ಬೈಕ್ ಬಂದ ಮೇಲೆ 116 ಆಗಿ 21 ಯೂನಿಟ್‌ಗೆ ದುಡ್ಡು ಕಟ್ಟುತ್ತೀರಿ. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೂ ಪೆಟ್ರೋಲ್ ಖರ್ಚಿನ ಮುಂದೆ ಅದು ಲೆಕ್ಕಕ್ಕಿಲ್ಲ. ಕಷ್ಟವಾಗುವುದು ಈಗಾಗಲೇ 175-180 ಸುಡುತ್ತಿರುವ ಮನೆಗೆ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಅಂಥವರು ಗೀಸರ್ ಬದಲು ಹಂಡೆ ಒಲೆಗೋ ಸೋಲಾರ್‌ಗೋ ಮರಳಿದರೆ ಬೈಕಿನ ಯೂನಿಟ್ ಅಲ್ಲೇ ಹುಟ್ಟುತ್ತದೆ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದೂ ಕಣ್ಣಾಡಿಸಿ. 1 ಕಿಲೋವಾಟ್ ಅಂತ ಇದ್ದರೆ ಹೆಚ್ಚಿಸಲು ಅರ್ಜಿ ಕೊಡುವುದು ಒಳ್ಳೆಯದು.

ದಿನದ ಚಾರ್ಜಿಂಗ್ ಕ್ರಮ

ಓಡಿಸಿ ಬಂದ ತಕ್ಷಣ ಹಾಕಬೇಡಿ. ಪೇಟೆಯೊಳಗಿನ ಓಡಾಟವಾದರೆ ಅರ್ಧ ಗಂಟೆ, ಏರು ಹತ್ತಿ ಬಂದಿದ್ದರೆ ಮುಕ್ಕಾಲರಿಂದ ಒಂದು ಗಂಟೆ ಬಿಡಿ. ಸೆಲ್ 45 ಡಿಗ್ರಿ ದಾಟಿದಾಗ ಚಾರ್ಜ್ ತುಂಬಿಸುವುದು ಅದರ ಆಯಸ್ಸಿಗೆ ನೇರ ಹೊಡೆತ.

ಪೋರ್ಟಿನ ರಬ್ಬರ್ ಮುಚ್ಚಳ ತೆಗೆದು ಬೆಳಕು ಬಿಟ್ಟು ನೋಡಿ. ನೀರಿನ ಹನಿ, ಕೆಸರು, ಇರುವೆ, ಕಣಜ ಕಟ್ಟಿದ ಮಣ್ಣಿನ ಗೂಡು ಯಾವುದೂ ಇರಬಾರದು. ಸ್ವಿಚ್ ಆಫ್ ಇರುವಾಗ ಪ್ಲಗ್ಗನ್ನು ಗೋಡೆಗೆ ಚುಚ್ಚಿ, ಆಮೇಲೆ ಗನ್ (ಚಾರ್ಜರ್ ಕೇಬಲಿನ ಇನ್ನೊಂದು ತುದಿಯ ಹಿಡಿಕೆ) ಬೈಕಿಗೆ, ಕೊನೆಗೆ ಸ್ವಿಚ್. ತೆಗೆಯುವಾಗ ಮೊದಲು ಸ್ವಿಚ್, ಆಮೇಲೆ ಗನ್. ಕರೆಂಟ್ ಹರಿಯುತ್ತಿರುವಾಗ ಗನ್ ಎಳೆದರೆ ಪಿನ್ನಿನ ತುದಿಯಲ್ಲಿ ಕಿಡಿ ಹಾರಿ ಲೇಪ ಸುಟ್ಟುಹೋಗುತ್ತದೆ. ಮುಂದಿನ ಸಲ ಆ ಜಾಗವೇ ಬಿಸಿಯಾಗುತ್ತದೆ. ನಿಮ್ಮ ಕೈಪಿಡಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿ.

ಚಾರ್ಜರನ್ನು ಗಟ್ಟಿ ನೆಲದ ಮೇಲೋ ಗೋಡೆಯ ಕೊಕ್ಕೆಗೋ ಇಡಿ. ಸೀಟಿನ ಮೇಲೆ, ಗೋಣಿಚೀಲದ ಮೇಲೆ, ಬ್ಯಾಗಿನೊಳಗೆ ಇಡಬಾರದು. ಅದರ ಫ್ಯಾನಿಗೆ ಗಾಳಿ ಬೇಕು. ಕಾಫಿ ಸಿಪ್ಪೆ, ಒಣ ಅಡಿಕೆ, ಸೀಮೆಎಣ್ಣೆ, ಮದ್ದಿನ ಡಬ್ಬ ಇರುವ ಗೋದಾಮಿನಲ್ಲಿ ಚಾರ್ಜಿಂಗ್ ಬೇಡವೇ ಬೇಡ. ಮನೆಯಿಂದ ಹೊರಹೋಗುವ ಒಂದೇ ಬಾಗಿಲಿನ ಎದುರೂ ಬೇಡ.

ಅರ್ಧ ಗಂಟೆಯಾದ ಮೇಲೆ ಸ್ವಿಚ್ ಆರಿಸಿ, ಪ್ಲಗ್ ಹೊರತೆಗೆದು ಅದರ ಮೈಯನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈಯಿಡಲು ಆಗದಷ್ಟು ಬಿಸಿ ಇದ್ದರೆ ಆ ಸಾಕೆಟ್ ಬದಲಿಸುವವರೆಗೆ ಅಲ್ಲಿ ಚಾರ್ಜ್ ಹಾಕಬೇಡಿ. ಮೊದಲ ಎರಡು ವಾರ ಎಚ್ಚರವಿರುವ ಹೊತ್ತಿನಲ್ಲೇ ಹಾಕಿ. ಪ್ಲಗ್, ಎಂಸಿಬಿ, ಚಾರ್ಜರ್ ಮೂರರ ಸ್ವಭಾವ ತಿಳಿದ ಮೇಲೆ ರಾತ್ರಿಗೆ ಹೋಗಬಹುದು. ರಾತ್ರಿ ಹನ್ನೊಂದರ ನಂತರ ಹಳ್ಳಿ ಕಡೆ ವೋಲ್ಟೇಜೂ ಸುಧಾರಿಸುತ್ತದೆ.

ಬ್ಯಾಟರಿ ಬಿಚ್ಚಿ ಒಯ್ಯುವ ಮಾದರಿಯಾದರೆ ಅದು ಹದಿನೈದು-ಇಪ್ಪತ್ತು ಕಿಲೋ ತೂಗುತ್ತದೆ. ಕೆಳಗೆ ಬೀಳಿಸಿದರೆ ಹೊರಗೆ ಗೀರು ಮಾತ್ರ ಕಂಡರೂ ಒಳಗೆ ಬೆಸುಗೆ ಬಿಟ್ಟಿರಬಹುದು. ಬಿದ್ದ ಬ್ಯಾಟರಿಯನ್ನು ತೋರಿಸದೆ ಚಾರ್ಜಿಗೆ ಹಾಕಬೇಡಿ. ಅಡುಗೆಮನೆ, ಹಾಸಿಗೆ ಎರಡರಿಂದಲೂ ದೂರ ಇಡಿ.

80 ಸಾಕೇ, 100 ಬೇಕೇ

ಎನ್‌ಎಂಸಿಯಾದರೆ ದಿನನಿತ್ಯ 20 ಮತ್ತು 80ರ ನಡುವೆ ಓಡಿಸಿ. ಪೂರ್ತಿ ತುಂಬಿದಾಗ ಸೆಲ್‌ನ ವೋಲ್ಟೇಜ್ ತುದಿಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಓಡದೆ ನಿಂತಷ್ಟು ಹೊತ್ತೂ ಒಳಗಿನ ರಾಸಾಯನಿಕ ಸವೆತ ಜೋರು. ದೂರದ ಪ್ರಯಾಣವಿದ್ದ ದಿನ 100ಕ್ಕೆ ಏರಿಸಿ, ಏರಿದ ಒಂದೆರಡು ಗಂಟೆಯಲ್ಲಿ ಹೊರಟುಬಿಡಿ. ಎರಡು ಮೂರು ವಾರಕ್ಕೊಮ್ಮೆ ಹೀಗೆ ಪೂರ್ತಿ ತುಂಬಿಸುವುದು ಸೆಲ್‌ಗಳನ್ನು ಸಮ ಮಾಡಲು ಬೇಕೂ ಹೌದು.

ಎಲ್‌ಎಫ್‌ಪಿಯ ಕಥೆ ತಿರುವುಮುರುವು. ಅದರ ವೋಲ್ಟೇಜ್ 30ರಲ್ಲೂ 80ರಲ್ಲೂ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಎಷ್ಟು ಉಳಿದಿದೆ ಎಂದು ಬಿಎಂಎಸ್ ವೋಲ್ಟ್ ನೋಡಿ ಹೇಳಲಾರದು. ಒಳಗೆ ಹೋದದ್ದು, ಹೊರಗೆ ಬಂದದ್ದು ಕೂಡಿ ಕಳೆದು ಅಂದಾಜು ಮಾಡುತ್ತದೆ. ಆ ಅಂದಾಜು ದಿನದಿಂದ ದಿನಕ್ಕೆ ಜಾರುತ್ತದೆ. ವಾರಕ್ಕೊಮ್ಮೆ 100 ಮುಟ್ಟಿಸದಿದ್ದರೆ ಪರದೆಯಲ್ಲಿ 22 ಎಂದು ತೋರುತ್ತಿದ್ದ ಬೈಕ್ ಮೂಡಿಗೆರೆಗೆ ಐದು ಕಿಲೋಮೀಟರ್ ಇರುವಾಗ ನಿಂತುಬಿಡಬಹುದು.

ಎರಡಕ್ಕೂ ಸಾಮಾನ್ಯವಾದದ್ದು ತಳದ ನಿಯಮ. 15-20ಕ್ಕೆ ಇಳಿದರೆ ಅದೇ ದಿನ ಚಾರ್ಜಿಗೆ ಹಾಕಿ. ಪರದೆಯ ಸೊನ್ನೆ ನಿಜವಾದ ಸೊನ್ನೆಯಲ್ಲ, ಸ್ವಲ್ಪ ಉಳಿಸಿಟ್ಟಿರುತ್ತಾರೆ. ಆದರೆ ನಿಂತಲ್ಲೂ ಬಿಎಂಎಸ್ ಸ್ವಲ್ಪಸ್ವಲ್ಪ ಕುಡಿಯುತ್ತಲೇ ಇರುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಸೆಲ್‌ನ ವೋಲ್ಟೇಜ್ ಪಾತಾಳಕ್ಕಿಳಿದು ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಅಂಥ ಬ್ಯಾಟರಿ ಮತ್ತೆ ಚಾರ್ಜ್ ಆದರೂ ಒಳಗೆ ಶಾರ್ಟ್ ಆಗುವ ಭಯವಿರುವುದರಿಂದ ಬಿಎಂಎಸ್ ಅದನ್ನು ಬೀಗ ಹಾಕಿಬಿಡುತ್ತದೆ.

ಚಳಿಗೆ ಹೆದರಬೇಕಿಲ್ಲ. ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದ ಚಳಿ ಎಂದರೆ ಸೊನ್ನೆ ಡಿಗ್ರಿಗಿಂತ ಕೆಳಗೆ. ಡಿಸೆಂಬರ್, ಜನವರಿಯ ಮುಂಜಾನೆ ಓಟದ ದೂರ ಸ್ವಲ್ಪ ಕಡಿಮೆ ತೋರಿದರೆ ಅದು ಕಾಯಿಲೆಯಲ್ಲ, ಬಿಸಿಲೇರಿದಂತೆ ಸರಿಹೋಗುತ್ತದೆ.

ಗುಡ್ಡ ಹತ್ತುವಾಗ, ಘಾಟಿ ಇಳಿಯುವಾಗ

ಬೈಕ್ 150 ಕಿಲೋ, ಇಬ್ಬರು ಸೇರಿ 140 ಕಿಲೋ. ಈ 290 ಕಿಲೋವನ್ನು ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿ ಕಡೆಗೆ 800 ಮೀಟರ್ ಮೇಲೆತ್ತಲು ಬೇಕಾದ ಶಕ್ತಿಯೇ 0.63 ಯೂನಿಟ್, ಮೋಟರು, ಕಂಟ್ರೋಲರಿನ ನಷ್ಟ ಸೇರಿಸಿದರೆ ಮುಕ್ಕಾಲು ಯೂನಿಟ್. ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದಾರಿಯ ಮಾಮೂಲಿ ಖರ್ಚು ಬೇರೆ. 4 ಯೂನಿಟ್‌ನ ಬ್ಯಾಟರಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮೇಲೇರುವುದರಲ್ಲೇ ಮುಗಿಯುತ್ತದೆ. ಕಂಪನಿ ಹೇಳುವ 'ಒಂದು ಚಾರ್ಜಿಗೆ ಇಷ್ಟು ಕಿಲೋಮೀಟರ್' ಈ ದಾರಿಗೆ ಹೇಳಿದ್ದಲ್ಲ. ಏರಿನಲ್ಲಿ ಇಕೋ ಮೋಡಿನಲ್ಲಿ, ಗಾಡಿ ತೀರಾ ತೆವಳದಂತೆ ಒಂದೇ ವೇಗದಲ್ಲಿ ಹೋಗಿ. ಕಡಿಮೆ ವೇಗದಲ್ಲಿ ಪೂರ್ತಿ ಕೈ ತಿರುವಿದಾಗಲೇ ಕರೆಂಟ್ ಅತಿ ಹೆಚ್ಚು ಹರಿಯುವುದು, ಕಂಟ್ರೋಲರ್ ಕಾದು ಶಕ್ತಿ ಕಡಿತ ಮಾಡುವುದು.

ಇಳಿತದಲ್ಲಿ ರೀಜನ್ ಬ್ರೇಕ್, ಅಂದರೆ ಮೋಟರೇ ಗಾಡಿಯನ್ನು ತಡೆದು ಕರೆಂಟ್ ಹುಟ್ಟಿಸುವ ವ್ಯವಸ್ಥೆ, ಸ್ವಲ್ಪ ಚಾರ್ಜ್ ವಾಪಸ್ ಕೊಡುತ್ತದೆ, ಹತ್ತಿದ್ದೆಲ್ಲ ಬರುವುದಿಲ್ಲ. ಹೆಚ್ಚಿನವರಿಗೆ ತಿಳಿಯದ ಅಪಾಯ ಬೇರೆಯೇ ಇದೆ. ಬ್ಯಾಟರಿ ಪೂರ್ತಿ ತುಂಬಿದ್ದಾಗ ಮತ್ತೆ ತುಂಬಿಸಲು ಜಾಗವಿಲ್ಲ, ಬಿಎಂಎಸ್ ರೀಜನ್ ಅನ್ನು ಕಡಿದುಹಾಕುತ್ತದೆ. ಕೊಟ್ಟಿಗೆಹಾರದ ಹೋಂಸ್ಟೇಯಲ್ಲಿ ರಾತ್ರಿ 100ಕ್ಕೆ ತುಂಬಿಸಿ ಬೆಳಿಗ್ಗೆ ನೇರ ಚಾರ್ಮಾಡಿ ಘಾಟಿಗೆ ಇಳಿದವರಿಗೆ, ದಿನವೂ ಆಕ್ಸಿಲರೇಟರ್ ಬಿಟ್ಟೊಡನೆ ಹಿಡಿಯುತ್ತಿದ್ದ ಬೈಕ್ ಅಂದು ಹಿಡಿಯುವುದಿಲ್ಲ. ಪೆಟ್ರೋಲ್ ಗಾಡಿಯಂತೆ ಗೇರು ಇಳಿಸಿ ತಡೆಯುವ ದಾರಿಯೂ ಇಲ್ಲ. ಭಾರವೆಲ್ಲ ಡಿಸ್ಕಿನ ಮೇಲೆ ಬಿದ್ದು ಬ್ರೇಕ್ ಕಾದು ಸಡಿಲವಾಗುತ್ತದೆ. ಮೇಲಿನಿಂದ ಇಳಿಯುವ ದಿನ 85ಕ್ಕೆ ಚಾರ್ಜ್ ನಿಲ್ಲಿಸಿ.

ದಾರಿಯಲ್ಲಿ ಕಾರಿನ ವೇಗದ ಚಾರ್ಜರ್ ಕಂಡಿತೆಂದು ನಂಬಿ ಕೂರಬೇಡಿ. ಕಾರಿನ ಸಿಸಿಎಸ್2 ಗನ್ ಹೆಚ್ಚಿನ ಬೈಕುಗಳಿಗೆ ಹೊಂದುವುದಿಲ್ಲ. ದ್ವಿಚಕ್ರಗಳಿಗೆಂದೇ ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಐಎಸ್ 17017-2-7 ಎಂಬ ಕನೆಕ್ಟರನ್ನು ಒಪ್ಪಿದೆ, ಎಲ್ಲ ಕಂಪನಿಗಳೂ ಅದಕ್ಕೆ ಬಂದಿಲ್ಲ. ನಿಮ್ಮ ಗಾಡಿಯದು ಯಾವುದು ಎಂದು ತಿಳಿದಿಟ್ಟುಕೊಂಡು, ದೂರ ಹೋಗುವಾಗ ಮನೆಯ ಚಾರ್ಜರನ್ನೇ ಜೊತೆಗೆ ಒಯ್ಯಿ.

ಸಿಡಿಲು, ಮಳೆ, ವೋಲ್ಟೇಜ್

ಮಾರ್ಚ್-ಏಪ್ರಿಲ್‌ನ ಹೂಮಳೆ ಕಾಫಿಗೆ ಅಮೃತ, ಚಾರ್ಜರಿಗೆ ಗಂಡಾಂತರ. ಅಕ್ಟೋಬರಿನ ಸಂಜೆ ಗುಡುಗೂ ಹಾಗೆಯೇ. ದೂರದಲ್ಲಿ ಗುಡುಗಿದ್ದು ಕೇಳಿದರೂ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಸ್ವಿಚ್ಚಿನೊಳಗಿನ ಕೆಲವೇ ಮಿಲಿಮೀಟರ್ ಸಂದನ್ನು ಸಿಡಿಲಿನ ವೋಲ್ಟೇಜ್ ಸಲೀಸಾಗಿ ಹಾರುತ್ತದೆ. ಮೀಟರ್ ಬೋರ್ಡಿನಲ್ಲಿ ಟೈಪ್-2 ಸರ್ಜ್ ಪ್ರೊಟೆಕ್ಟರ್ (ಸಿಡಿಲಿನ ವೋಲ್ಟೇಜನ್ನು ಅರ್ತ್‌ಗೆ ಇಳಿಸುವ ಸಾಧನ) ಹಾಕಿಸಬಹುದು, ಅದು ಕೆಲಸ ಮಾಡುವುದು ಅರ್ತ್ ಚೆನ್ನಾಗಿದ್ದರೆ ಮಾತ್ರ.

ಜೂನ್ ಬಂದ ಮೇಲೆ ಸಿಡಿಲು ಕಡಿಮೆ, ಮರ ಬೀಳುವುದು ಹೆಚ್ಚು. ಕೊಂಬೆ ಬಿದ್ದು ನ್ಯೂಟ್ರಲ್ ತಂತಿಯೊಂದೇ ಹರಿದರೆ ಮನೆಗೆ 230ರ ಬದಲು 300, 350, ಕೆಲವೊಮ್ಮೆ 400ರ ಹತ್ತಿರ ವೋಲ್ಟ್ ನುಗ್ಗುತ್ತದೆ. ಬಲ್ಬು ಇದ್ದಕ್ಕಿದ್ದಂತೆ ಜಾಸ್ತಿ ಉರಿದರೆ ಮೇನ್ ಸ್ವಿಚ್ ಆರಿಸಿ 1912ಕ್ಕೆ ಫೋನ್ ಮಾಡಿ. ಚಾರ್ಜಿಂಗ್ ಲೈನಿಗೆ ವೋಲ್ಟೇಜ್ ಪ್ರೊಟೆಕ್ಟರ್ ಕೂರಿಸಿದರೆ 270ರ ಆಸುಪಾಸಿನಲ್ಲಿ ತಾನೇ ಕಡಿದು, ಸರಿಹೋದ ಕೆಲವು ನಿಮಿಷದ ಮೇಲೆ ಜೋಡಿಸುತ್ತದೆ. ಮಲೆನಾಡಿನಲ್ಲಿ ಸ್ಟೆಬಿಲೈಸರಿಗಿಂತ ಮೊದಲು ಕೊಳ್ಳಬೇಕಾದ್ದು ಇದು. ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ 170-180ಕ್ಕೆ ಇಳಿಯುವ ಕಡೆ ಚಾರ್ಜರ್ ಆಗಾಗ ನಿಂತು ಶುರುವಾಗುತ್ತಿದ್ದರೆ, ಅದರ ಮೈಮೇಲಿನ ಚೀಟಿಯಲ್ಲಿ ಇನ್‌ಪುಟ್ ಎಷ್ಟರಿಂದ ಎಷ್ಟು ಎಂದು ಓದಿ. ಅದಕ್ಕಿಂತ ಕೆಳಗೆ ಹೋಗುತ್ತಿದ್ದರೆ 2 ಕೆವಿಎ ಸ್ಟೆಬಿಲೈಸರ್ ಸಾಕು. ಕರೆಂಟ್ ಹೋದ ತಕ್ಷಣ ಚಾರ್ಜರ್ ಸ್ವಿಚ್ ಆರಿಸಿ, ಬಂದು ಹತ್ತು ನಿಮಿಷ ನಿಂತ ಮೇಲೆ ಹಾಕಿ.

ಬ್ಯಾಟರಿ ಪೆಟ್ಟಿಗೆಯ ಮೇಲೆ ಐಪಿ67 ಎಂದಿದ್ದರೆ ಒಂದು ಮೀಟರ್ ನಿಂತ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದರ್ಥ. ವಾಟರ್ ಸರ್ವೀಸ್‌ನ ಪ್ರೆಷರ್ ಪೈಪಿಗೆ ಆ ಭರವಸೆ ಇಲ್ಲ. ಬಕೆಟ್ಟು ಮತ್ತು ಬಟ್ಟೆಯಲ್ಲೇ ತೊಳೆಯಿರಿ. ಚಾರ್ಜರ್ ಮತ್ತು ಗನ್ನಿಗೆ ಸಾಮಾನ್ಯವಾಗಿ ಅಷ್ಟು ರಕ್ಷಣೆಯೂ ಇರುವುದಿಲ್ಲ. ಕೇಬಲ್ ಗೋಡೆಯ ಪ್ಲಗ್ಗಿಗೆ ಹೋಗುವ ಮೊದಲು ಒಂದು ಬಾಗು ಕೆಳಗೆ ಇಳಿಯುವಂತೆ ಬಿಡಿ, ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ತಿಂಗಳಿಗೊಮ್ಮೆ ಪಿನ್ ನೋಡಿ. ಹಸಿರು ಕಿಲುಬು ಕಂಡರೆ ಸ್ವಿಚ್ ಆಫ್ ಮಾಡಿ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಒಣಗಲು ಬಿಡಿ. ಕೊಬ್ಬರಿ ಎಣ್ಣೆ, ಗ್ರೀಸು ಹಚ್ಚಿದರೆ ಧೂಳು ಹಿಡಿದು ಇನ್ನೂ ಕೆಡುತ್ತದೆ. ಮಳೆಗಾಲದಲ್ಲಿ ಇಲಿಗಳೂ ಬೆಚ್ಚಗಿನ ಜಾಗ ಹುಡುಕಿ ಸೀಟಿನಡಿಗೆ ಬರುತ್ತವೆ. ಭತ್ತದ ಮೂಟೆ ಪಕ್ಕ ಬೈಕ್ ನಿಲ್ಲಿಸದಿದ್ದರೆ ಅರ್ಧ ಗೆದ್ದಂತೆ.

ತಿಂಗಳುಗಟ್ಟಲೆ ನಿಲ್ಲಿಸುವುದಾದರೆ

50ರ ಆಸುಪಾಸು ಚಾರ್ಜ್ ಬಿಟ್ಟು, ಕೀ ಪೂರ್ತಿ ಆಫ್ ಮಾಡಿ, ಚಾರ್ಜರ್ ಬೇರ್ಪಡಿಸಿ ಇಡಿ. ಮೂರು ನಾಲ್ಕು ವಾರಕ್ಕೊಮ್ಮೆ ನೋಡಿ, 30ಕ್ಕಿಂತ ಕೆಳಗೆ ಹೋಗಿದ್ದರೆ ಮತ್ತೆ 50-60ಕ್ಕೆ ತನ್ನಿ. 'ಖಾಲಿಯಾಗದಿರಲಿ' ಎಂದು ಚಾರ್ಜರ್ ಚುಚ್ಚಿಯೇ ಊರಿಗೆ ಹೋಗುವುದು ಎಲ್ಲಕ್ಕಿಂತ ಕೆಟ್ಟದ್ದು.

ಏನಾದರೂ ಸರಿಯಿಲ್ಲವೆಂದರೆ

ಗನ್ ಹಾಕಿದೊಡನೆ ಆರ್‌ಸಿಸಿಬಿ ಬಿದ್ದರೆ ಪೋರ್ಟ್ ಅಥವಾ ಗನ್ನಿನಲ್ಲಿ ತೇವ ಇರಬಹುದು. ಒಣಗಿಸಿ, ಬೇರೆ ಮನೆಯ ಒಳ್ಳೆಯ ಪಾಯಿಂಟಿನಲ್ಲಿ ಒಮ್ಮೆ ನೋಡಿ. ಅಲ್ಲೂ ಬಿದ್ದರೆ ಚಾರ್ಜರ್ ಅಥವಾ ಬೈಕಿನ ದೋಷ. ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸಿ ಓಡಿಸುವುದು ಪ್ರಾಣದ ಜೊತೆ ಆಟ. ಚಾರ್ಜರಿನಲ್ಲಿ ಅರ್ತ್ ದೋಷದ ದೀಪ ಬಂದರೆ ಮೇಲೆ ಹೇಳಿದ ನಾಲ್ಕು ಪರೀಕ್ಷೆ ಮತ್ತೊಮ್ಮೆ ಮಾಡಿ. ಚಾರ್ಜ್ ಪ್ರಮಾಣ ಒಮ್ಮೆಲೇ 30ರಿಂದ 12ಕ್ಕೆ ಧುಮುಕಿದರೆ ಎರಡು ಮೂರು ಸಲ ಪೂರ್ತಿ 100ಕ್ಕೆ ತುಂಬಿಸಿ, ಚಾರ್ಜರ್ ನಿಂತ ಮೇಲೂ ಒಂದೆರಡು ಗಂಟೆ ಹಾಗೇ ಬಿಟ್ಟು ನೋಡಿ. ಆಗಲೂ ಸುಧಾರಿಸದಿದ್ದರೆ ಯಾವುದೋ ಸೆಲ್ ಸಾಲು ಸೋತಿದೆ, ವಾರಂಟಿ ಇರುವಾಗಲೇ ದೂರು ಬರೆಸಿ.

ಹಳ್ಳ ದಾಟುವಾಗ ಬ್ಯಾಟರಿ ಮುಳುಗಿದ್ದರೆ, ಬೈಕ್ ಚೆನ್ನಾಗಿಯೇ ಓಡಿದರೂ ಸರ್ವೀಸ್ ಸೆಂಟರಿನಲ್ಲಿ ತೋರಿಸುವವರೆಗೆ ಚಾರ್ಜಿಗೆ ಹಾಕಬಾರದು.

ಪೆಟ್ಟಿಗೆ ಉಬ್ಬಿದೆ, ಬಣ್ಣದ ಥಿನ್ನರಿನಂಥ ವಾಸನೆ ಬರುತ್ತಿದೆ, ಒಳಗೆ ಪಟಪಟ ಸದ್ದು, ನಿಂತಲ್ಲೇ ಬಿಸಿ: ಇವುಗಳಲ್ಲಿ ಯಾವುದೇ ಕಂಡರೂ ಮೀಟರ್ ಬೋರ್ಡಿನಲ್ಲಿ ಎಂಸಿಬಿ ಆರಿಸಿ. ಹೊಗೆ ಇನ್ನೂ ಬಂದಿಲ್ಲವಾದರೆ ಮಾತ್ರ ಬೈಕನ್ನು ಬಯಲಿಗೆ ತಳ್ಳಿ, ಮನೆಯಿಂದ ಕನಿಷ್ಠ 15 ಮೀಟರ್ ದೂರ. ಹೊಗೆ ಬಂದಿದ್ದರೆ ಮುಟ್ಟಬೇಡಿ, ಮನೆಯವರನ್ನು ಹೊರಗೆ ಕರೆದುಕೊಂಡು 101 ಅಥವಾ 112ಕ್ಕೆ ಕರೆ ಮಾಡಿ, ಲಿಥಿಯಂ ಬ್ಯಾಟರಿ ಎಂದು ಹೇಳಿ. ಆ ಹೊಗೆ ವಿಷ. ಪುಡಿ ಸಿಂಪಡಿಸುವ ಸಣ್ಣ ಸಿಲಿಂಡರ್ ಜ್ವಾಲೆ ಆರಿಸಿದರೂ ಸೆಲ್ ತಣಿಸುವುದಿಲ್ಲ. ಅದಕ್ಕೆ ಧಾರಾಳ ನೀರೇ ಬೇಕು, ಲೈನ್ ಕಡಿದ ಮೇಲೆ, ದೂರದಿಂದ. ಆರಿದ ಬ್ಯಾಟರಿ ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳಬಹುದು, ಕನಿಷ್ಠ ಒಂದು ದಿನ ಬಯಲಲ್ಲೇ ಬಿಡಿ.

ಆಯಸ್ಸು ಮುಗಿದ ಬ್ಯಾಟರಿಯನ್ನು ಗುಜರಿಗೆ ಹಾಕಬೇಡಿ, ಬಿಚ್ಚಿ ಸೆಲ್ ಆರಿಸಿಕೊಳ್ಳುವವರಿಗೂ ಕೊಡಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ವಾಪಸ್ ಪಡೆದು ವಿಲೇವಾರಿ ಮಾಡುವ ಹೊಣೆ ತಯಾರಕರದು. ಮಾರಿದ ಶೋರೂಮಿಗೇ ಒಪ್ಪಿಸಿ ರಸೀದಿ ಪಡೆಯಿರಿ.